ತೊಟ್ಟಿಯಲ್ಲಿ ಸೊರಗಿದ್ದು ಕೆರೆಯಲ್ಲಿ ಸೊಕ್ಕೀತು

ಕೊಳ್ಳೇಗಾಲದ ಕಡೆ ಮನೆಗಳ ಮೀನಿನ ತೊಟ್ಟಿಗಳಲ್ಲಿ ಪ್ಲಾಸ್ಟಿಕ್ ಗಿಡದ ಕಾಲ ಮುಗಿಯುತ್ತ ಬಂದಿದೆ. ಈಗ ಜೀವಂತ ಜಲಸಸ್ಯಗಳೇ ಬೇಕು. ಮೈಸೂರಿನ ಅಂಗಡಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವು ಕೆಲವು. ಮೊಬೈಲಿನಲ್ಲಿ ಆರ್ಡರ್ ಮಾಡಿ, ಒದ್ದೆ ಕಾಗದ ಸುತ್ತಿಸಿಕೊಂಡು ಕೊರಿಯರ್‌ನಲ್ಲಿ ಬಂದವು ಕೆಲವು. ಮೊದಲ ವಾರ ನೋಡಲು ಎರಡು ಕಣ್ಣು ಸಾಲದು. ಮೂರನೇ ವಾರಕ್ಕೆ ಎಲೆ ಹಳದಿಯಾಗಿ, ಕಾಂಡದ ಬುಡ ಕೊಳೆತು, ಗಿಡ ಕಿತ್ತುಕೊಂಡು ಮೇಲೆ ತೇಲುತ್ತದೆ. ಆಮೇಲೊಂದು ಭಾನುವಾರ ತೊಟ್ಟಿ ತೊಳೆದ ನೀರು, ಅದರೊಳಗಿನ ಅರೆಜೀವದ ಗಿಡಗಳ ಸಮೇತ, ಬಕೆಟ್ಟಿನಲ್ಲಿ ಮನೆಯಿಂದಾಚೆ ಹೋಗುತ್ತದೆ.

"ತಿಪ್ಪೆಗೆ ಎಸೆಯಾಕೆ ಮನ್ಸು ಬರ್ನಿಲ್ಲ ಸಾ. ಕಾಲುವೆಗೆ ಬುಟ್ಬುಟ್ಟೆ, ಎಲ್ಲಾರ ಬದುಕ್ಕಳ್ಲಿ ಅಂತ." ಹೀಗೆಂದ ಹುಡುಗನ ಮಾತಿನಲ್ಲಿ ಇದ್ದದ್ದು ಬರೀ ಕನಿಕರ. ನನ್ನ ಆತಂಕವಿರುವುದು ಆ ಕನಿಕರದ ಬಗ್ಗೆಯೇ. ತೊಟ್ಟಿಯಲ್ಲಿ ಸೊರಗಿದ ಗಿಡಕ್ಕೆ ಅಲ್ಲಿ ಸಿಗದೆ ಹೋದ ಒಂದೆರಡು ವಸ್ತುಗಳು ನಮ್ಮ ಕೆರೆ, ಕಾಲುವೆ, ಹೊಳೆಗಳಲ್ಲಿ ಧಾರಾಳವಾಗಿವೆ. ಹೊರಗಿನಿಂದ ಬಂದ ಜಲಕಳೆಯೊಂದು ಸುವರ್ಣಾವತಿಗೋ ಕಬಿನಿ ನಾಲೆಗೋ ಸೇರಿ ನೆಲೆಯೂರಿದರೆ ಅದನ್ನು ಕೀಳುವ ಹಣವಾಗಲಿ ಕೈಗಳಾಗಲಿ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಇಲ್ಲ. ಬೇರೆ ಕಡೆ ನಡೆದದ್ದು, ನಮ್ಮ ಬೆಟ್ಟದಲ್ಲೇ ನಡೆದದ್ದು, ಎರಡನ್ನೂ ನೋಡಿದರೆ ಇದು ಉತ್ಪ್ರೇಕ್ಷೆಯಲ್ಲ ಎಂದು ತಿಳಿಯುತ್ತದೆ. ಆದರೆ ಬಕೆಟ್ಟು ಹೊರಡುವುದನ್ನು ತಡೆಯಬೇಕಾದರೆ ಮೊದಲು ಗಿಡ ಯಾಕೆ ಸೊರಗುತ್ತದೆ ಎಂಬುದು ಗೊತ್ತಾಗಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಗೊಬ್ಬರದ ಬಾಟಲಿ ಮಾರುತ್ತಾರೆ.

ಮೂಲ ಇರುವುದು ನೀರಿನಲ್ಲಿ. ಬಿಳಿಗಿರಿರಂಗನ ಬೆಟ್ಟ ಚಾರ್ನೊಕೈಟ್ ಶಿಲೆಯದು, ಕೆಳಗಿನ ಬಯಲು ನೈಸ್ ಶಿಲೆಯದು. ಈ ಬಂಡೆಗಳ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳನ್ನು ಕರಗಿಸಿಕೊಂಡು ಕೊಳವೆಬಾವಿಯ ಮೂಲಕ ಮೇಲೆ ಬರುತ್ತದೆ. ಮಳೆ ಕಡಿಮೆಯಾಗಿ ಬಾವಿ ಆಳಕ್ಕಿಳಿದಷ್ಟೂ ಗಡಸುತನ ಹೆಚ್ಚುವುದೇ ಸಾಮಾನ್ಯ. ಬಿಸಿನೀರಿನ ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಹನೂರಿನ ಯಾವ ಗೃಹಿಣಿಗೂ ಹೊಸ ಸುದ್ದಿಯಲ್ಲ. ಭಾರತೀಯ ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನದಂಡದಲ್ಲಿ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಿತ ಮಿತಿ. ಬೇರೆ ನೀರಿಲ್ಲದಿದ್ದರೆ 600ರವರೆಗೂ ಸಹಿಸಬಹುದು ಎಂದಿದೆ. ಮನುಷ್ಯ ಸಹಿಸುವ ಆ 600 ಅಮೆಜಾನ್ ಕಾಡಿನ ಹೊಳೆಗಳಿಂದ ಬಂದ ಗಿಡಕ್ಕೆ ಬೇರೆಯೇ ಲೋಕ.

ಗಡಸುತನ ತಾನಾಗಿಯೇ ಗಿಡವನ್ನು ಕೊಲ್ಲುವುದಿಲ್ಲ. ಅದರ ಜೊತೆಗಿರುವ ಬೈಕಾರ್ಬೊನೇಟ್ ನೀರನ್ನು ಕ್ಷಾರೀಯವಾಗಿಸುತ್ತದೆ, ತೊಂದರೆ ಅಲ್ಲಿಂದ ಶುರು. ಗಿಡಕ್ಕೆ ಬೇಕಾದದ್ದು ಕರಗಿದ ಇಂಗಾಲದ ಡೈಆಕ್ಸೈಡ್. ಗಾಳಿಯೊಂದಿಗೆ ಸಮತೋಲನದಲ್ಲಿರುವ ನೀರಿನಲ್ಲಿ ಅದು ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಗಿಡದ ತೊಟ್ಟಿಗಳನ್ನು ಶಾಸ್ತ್ರೋಕ್ತವಾಗಿ ಬೆಳೆಸುವವರು ಸಿಲಿಂಡರಿನಿಂದ ಅನಿಲ ಬಿಟ್ಟು 20ರಿಂದ 30 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಇಷ್ಟು ಅಂತರವಿರುವಾಗ ಬಾಟಲಿಯ ಗೊಬ್ಬರ ಏನು ಮಾಡೀತು? ನೀರಿನಲ್ಲಿ ಈ ಅನಿಲ ಹರಡುವ ವೇಗ ಗಾಳಿಯಲ್ಲಿನ ವೇಗದ ಹತ್ತು ಸಾವಿರದಲ್ಲೊಂದು ಪಾಲು. ಎಲೆಯ ಸುತ್ತ ಇದ್ದದ್ದು ಖಾಲಿಯಾದರೆ ಹೊಸದು ಬರುವುದು ನಿಧಾನ. ಮೇಲಾಗಿ ನಮ್ಮ ಬೇಸಿಗೆ: ನೀರಿನ ಉಷ್ಣತೆ 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಅದರಲ್ಲಿ ಕರಗುವ ಇಂಗಾಲದ ಡೈಆಕ್ಸೈಡ್ ಸುಮಾರು ಕಾಲು ಭಾಗ ಇಳಿಯುತ್ತದೆ. ಅದೇ ಹೊತ್ತಿಗೆ ಗಿಡದ ಉಸಿರಾಟ ಏರಿ, ತಯಾರಿಸಿದ ಸಕ್ಕರೆಯನ್ನು ಅದೇ ಸುಟ್ಟುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಕೊಳ್ಳೇಗಾಲದ ತೊಟ್ಟಿಗಳಲ್ಲಿ ಗಿಡ ಉಳಿಯದಿರುವುದಕ್ಕೆ ಸಾಕಿದವರ ಕೈಗುಣ ಕಾರಣವಲ್ಲ.

ಕೆಲವು ಗಿಡಗಳು ಈ ಬಡತನಕ್ಕೆ ಉಪಾಯ ಕಂಡುಕೊಂಡಿವೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಮುಂತಾದವು ಬೈಕಾರ್ಬೊನೇಟನ್ನೇ ಒಡೆದು ಅದರಿಂದ ಇಂಗಾಲ ತೆಗೆದುಕೊಳ್ಳುತ್ತವೆ. ಹಾಗೆ ಮಾಡಿದಾಗ ಎಲೆಯ ಮೇಲೆ ಸುಣ್ಣ ಕೂರುತ್ತದೆ. ಬೋರ್ ನೀರಿನ ತೊಟ್ಟಿಯಿಂದ ವ್ಯಾಲಿಸ್ನೇರಿಯಾದ ಒಂದು ಹಳೆಯ ಎಲೆ ಕಿತ್ತು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ: ನಯವಾಗಿರಬೇಕಾದ ರಿಬ್ಬನ್ನಿನಂಥ ಎಲೆ ನುಣ್ಣನೆಯ ಮರಳು ಮೆತ್ತಿದ ಹಾಗೆ ಒರಟೊರಟಾಗಿರುತ್ತದೆ, ಬೆಳಕಿಗೆ ಹಿಡಿದರೆ ಬೂದಿ ಬಣ್ಣದ ಚುಕ್ಕೆಗಳು ಕಾಣುತ್ತವೆ. ಅದರ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟರೆ ಚುಕ್ಕೆಯ ಅಂಚಿನಿಂದ ಸಣ್ಣ ಗುಳ್ಳೆಗಳೆದ್ದು, ಅರೆಗಳಿಗೆಯಲ್ಲಿ ಆ ಜಾಗ ಮತ್ತೆ ಹಸಿರಾಗುತ್ತದೆ. ಇದು ರೋಗವಲ್ಲ. ಗಿಡ ದುಡಿದ ಗುರುತು.

ಕಬೊಂಬಾದಂಥ ಗಿಡಕ್ಕೆ ಈ ವಿದ್ಯೆ ಬರುವುದಿಲ್ಲ. ಅದು ಕರಗಿದ ಇಂಗಾಲದ ಡೈಆಕ್ಸೈಡನ್ನೇ ನಂಬಿದೆ. ಪಿಎಚ್ ಸುಮಾರು 6.4 ಇರುವಾಗ ನೀರಿನಲ್ಲಿ ಅದೂ ಬೈಕಾರ್ಬೊನೇಟೂ ಸಮಪಾಲು, ಪಿಎಚ್ 8.4 ಮುಟ್ಟಿತೆಂದರೆ ನೂರರಲ್ಲಿ ಒಂದೇ ಪಾಲು ಉಳಿದಿರುತ್ತದೆ. ಇಲ್ಲಿ ಒಂದು ಮೋಸವೂ ಇದೆ. ಆಗಷ್ಟೇ ಪಂಪ್ ಮಾಡಿದ ಬೋರ್ ನೀರಿನಲ್ಲಿ ನೆಲದಡಿಯ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ನೀರು ಬದಲಿಸಿದ ದಿನ ಎಲೆಗಳ ಮೇಲೆಲ್ಲ ಆಮ್ಲಜನಕದ ಮುತ್ತುಗಳು ಕೂತು, ಮನೆಯವರು ಹಿಗ್ಗುತ್ತಾರೆ. ಒಂದೆರಡು ದಿನಕ್ಕೆ ಆ ಅನಿಲ ಹಾರಿಹೋಗಿ ಪಿಎಚ್ ಏರಿ ಗಿಡ ಮತ್ತೆ ಮಂಕಾಗುತ್ತದೆ. ನಲ್ಲಿಯಲ್ಲಿ ಒಂದು ದಿನ ಹೊಳೆ ನೀರು, ಮತ್ತೊಂದು ದಿನ ಬೋರ್ ನೀರು ಬರುವ ಬೀದಿಗಳಲ್ಲಿ ಈ ಏರಿಳಿತ ಇನ್ನೂ ಜೋರು.

ಹಾಗಾದರೆ ಸೊರಗಿದ ಗಿಡವನ್ನು ಓದುವುದು ಹೇಗೆ? ಮೊದಲ ಪ್ರಶ್ನೆ: ಕೆಟ್ಟಿರುವುದು ಹಳೆಯ ಎಲೆಯೋ, ಹೊಸ ಚಿಗುರೋ? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಕೊರತೆಯಾದಾಗ ಗಿಡ ಅವನ್ನು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸುತ್ತದೆ. ಆದ್ದರಿಂದ ಕೆಳಗಿನ ಎಲೆ ಮೊದಲು ಕೆಡುತ್ತದೆ. ಪೂರ್ತಿ ಹಳದಿಯಾದರೆ ಸಾರಜನಕ. ಸೂಜಿ ಚುಚ್ಚಿದಂತೆ ತೂತುಗಳಾಗಿ ಅಂಚು ಹಳದಿಗಟ್ಟಿದರೆ ಪೊಟ್ಯಾಷ್. ಮೀನು ಹೆಚ್ಚಿರುವ ತೊಟ್ಟಿಯಲ್ಲಿ ಸಾರಜನಕಕ್ಕೆ ಬರವಿಲ್ಲ, ಪೊಟ್ಯಾಷ್‌ಗೆ ಇರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಒಮ್ಮೆ ಎಲೆಗೆ ಸೇರಿದರೆ ಕದಲುವುದಿಲ್ಲ, ಅವುಗಳ ಕೊರತೆ ಕಾಣುವುದು ಚಿಗುರಿನಲ್ಲಿ. ನರ ಹಸಿರಾಗಿದ್ದು ನಡುವಿನ ಭಾಗ ಬಿಳಿಚಿಕೊಂಡ ಚಿಗುರು ಕಬ್ಬಿಣ ಕೇಳುತ್ತಿದೆ. ನಮ್ಮ ನೀರಿನಲ್ಲಿ ಇದು ಮೇಲಿಂದ ಮೇಲೆ ಕಾಣುತ್ತದೆ, ಯಾಕೆಂದರೆ ಕ್ಷಾರೀಯ ನೀರಿನಲ್ಲಿ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ಅಗ್ಗದ ದ್ರವ ಗೊಬ್ಬರಗಳಲ್ಲಿರುವ ಇಡಿಟಿಎ ಕಬ್ಬಿಣ ಪಿಎಚ್ 6.5 ದಾಟಿದರೆ ಹಿಡಿತ ಕಳೆದುಕೊಳ್ಳುತ್ತದೆ. ಡಿಟಿಪಿಎ ರೂಪದ್ದು 7.5ರ ಸುಮಾರಿನವರೆಗೆ ತಾಳುತ್ತದೆ. ಬಾಟಲಿಯ ಹಿಂಭಾಗ ಓದಿ ಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಇನ್ನೊಂದು ವಿಷಯಕ್ಕೆ ಜನ ಸುಮ್ಮನೆ ಹೆದರುತ್ತಾರೆ. ಅಂಗಡಿಗೆ ಬರುವ ಗಿಡಗಳಲ್ಲಿ ಬಹಳಷ್ಟನ್ನು ನರ್ಸರಿಯಲ್ಲಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ಆ ಎಲೆಗಳು ಮುಳುಗಿ ಬದುಕಲು ಆದವಲ್ಲ. ತೊಟ್ಟಿಗಿಳಿಸಿದ ಮೇಲೆ ಅವು ಕರಗಿಹೋಗುವುದೇ ಸಹಜ. ಕ್ರಿಪ್ಟೊಕೊರೈನ್ ಅಂತೂ ನೀರು ಸ್ವಲ್ಪ ಬದಲಾದರೂ ಇದ್ದಬದ್ದ ಎಲೆಗಳನ್ನೆಲ್ಲ ಕಳಚಿ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ತಿಂಗಳು ತಾಳಿ, ಹೊಸ ಎಲೆ ನೋಡಿ ತೀರ್ಮಾನಿಸಬೇಕು. ಅಮೆಜಾನ್ ಸ್ವೋರ್ಡ್ ಬೇರಿನಿಂದ ಉಣ್ಣುವ ಗಿಡ, ಜಲ್ಲಿಯಡಿ ಗೊಬ್ಬರದ ಗುಳಿಗೆ ಹೂಳಬೇಕು. ಜಾವಾ ಫರ್ನ್‌ನ ಗೆಡ್ಡೆಕಾಂಡವನ್ನು ಜಲ್ಲಿಯಲ್ಲಿ ಹೂಳಿದರೆ ಕೊಳೆಯುತ್ತದೆ, ಕಲ್ಲಿಗೆ ಕಟ್ಟಬೇಕು. ಅಂದಕ್ಕೆಂದು ಹಾಕುವ ಬಿಳಿ ಅಮೃತಶಿಲೆಯ ಚೂರು, ಕಪ್ಪೆಚಿಪ್ಪು ದಿನವೂ ಸುಣ್ಣ ಬಿಡುತ್ತಲೇ ಇರುತ್ತವೆ. ಅದರ ಬದಲು ನಮ್ಮ ಕ್ವಾರಿಗಳ ಗ್ರಾನೈಟ್ ಪುಡಿಗಲ್ಲು ಸಾಕು, ಅದು ನೀರಿಗೆ ಏನನ್ನೂ ಸೇರಿಸುವುದಿಲ್ಲ. ದೀಪ ಏಳು ಗಂಟೆಗಿಂತ ಹೆಚ್ಚು ಉರಿಸುವುದು ಪಾಚಿಗೆ ಮಾಡುವ ಸೇವೆ.

ನೀರಿಗೆ ಪರಿಹಾರ ನಮ್ಮ ಊರುಗಳಲ್ಲೇ ಇದೆ. ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿದರೆ ಸಿಗುವ ಆರ್‌ಒ ನೀರನ್ನು ಬೋರ್ ನೀರಿಗೆ ಸಮಸಮ ಬೆರೆಸಿದರೆ ಗಡಸುತನವೂ ಬೈಕಾರ್ಬೊನೇಟೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತವೆ. ಪೂರ್ತಿ ಆರ್‌ಒ ನೀರೇ ಹಾಕುವುದು ಬೇಡ, ಆಗ ಚಿಗುರು ಕ್ಯಾಲ್ಸಿಯಂ ಇಲ್ಲದೆ ಮುರುಟುತ್ತದೆ. ಸ್ನಾನದ ಮನೆಗೆ ಕೂರಿಸುವ ಸಾಫ್ಟ್‌ನರ್ ಯಂತ್ರ ಇಲ್ಲಿ ಕೆಲಸಕ್ಕೆ ಬಾರದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಬೈಕಾರ್ಬೊನೇಟ್ ಇದ್ದಲ್ಲೇ ಇರುತ್ತದೆ.

ಈಗ ಬಕೆಟ್ಟಿನ ವಿಷಯಕ್ಕೆ ಬರೋಣ. ತೊಟ್ಟಿಯ ಬಡತನ ಎರಡು: ಇಂಗಾಲದ ಡೈಆಕ್ಸೈಡ್ ಮತ್ತು ಸಮತೂಕದ ಪೋಷಕಾಂಶ. ಕೆರೆಯಲ್ಲಿ ಇವೆರಡೂ ಇವೆ. ತಳದ ಹೂಳಿನಲ್ಲಿ ಕೊಳೆಯುವ ಎಲೆ, ಸಗಣಿ, ಕಸ ಸದಾ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತವೆ. 1994ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಪಂಚದ 1,835 ಸರೋವರಗಳ ಮಾಹಿತಿ ಕಲೆಹಾಕಿತು. ಮಾದರಿಗಳಲ್ಲಿ ಶೇ 87ರಷ್ಟರಲ್ಲಿ ಗಾಳಿಯ ಸಮತೋಲನಕ್ಕಿಂತ ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಇತ್ತು. ಪೋಷಕಾಂಶದ ಕಥೆ ನಮ್ಮ ಹೊಲಗಳದ್ದು. ರೇಷ್ಮೆ ಸೀಮೆಯಲ್ಲಿ ನೀರಾವರಿ ಹಿಪ್ಪುನೇರಳೆಯ ವಿ-1 ತಳಿಗೆ ಶಿಫಾರಸು ಮಾಡಿರುವುದು ಹೆಕ್ಟೇರಿಗೆ ವರ್ಷಕ್ಕೆ 350 ಕಿಲೊ ಸಾರಜನಕ. ಯಳಂದೂರಿನ ಭತ್ತದ ಗದ್ದೆಗಳ ಯೂರಿಯಾ, ಪಟ್ಟಣದ ಚರಂಡಿ, ಇವುಗಳಲ್ಲಿ ಸೋರಿದ್ದೆಲ್ಲ ತಗ್ಗಿನ ಕೆರೆಗೇ ಬರಬೇಕು. ಮಳೆಗಾಲದ ಕೆರೆಯ ನೀರು, ಬೆಟ್ಟದಿಂದ ಇಳಿದ ಹಳ್ಳದ ನೀರು ಬೋರ್ ನೀರಿಗಿಂತ ಎಷ್ಟೋ ಮೆದು. ಬೋರ್ ನೀರಿನಲ್ಲಿ ಮೂರು ವಾರ ನರಳಿದ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಆಸ್ಪತ್ರೆ ಬೇಕೆ?

ಕಾಲುವೆಗೆ ಬಿಟ್ಟ ಗಿಡಗಳಲ್ಲಿ ಬಹುಪಾಲು ಸಾಯುತ್ತವೆ, ನಿಜ. ದನ ತಿನ್ನುತ್ತವೆ, ನೀರು ಬತ್ತುತ್ತದೆ. ಆದರೆ ಇಲ್ಲಿ ಸರಾಸರಿ ಲೆಕ್ಕಕ್ಕೆ ಬರುವುದಿಲ್ಲ. ನೂರು ಬಾರಿ ತಪ್ಪಿ ಒಮ್ಮೆ ಬೇರೂರಿದರೂ ಆಯಿತು. ಕಬೊಂಬಾದ ಎಲೆಯಿರುವ ಒಂದು ಗಿಣ್ಣು ಸಾಕು, ಹೊಸ ಗಿಡವಾಗುತ್ತದೆ. ಸಾಲ್ವೀನಿಯಾ ಎಂಬ ತೇಲುವ ಕಳೆಗೆ ಬೀಜದ ಹಂಗೂ ಇಲ್ಲ. ಅದು ಬಂಜೆ, ಫಲಿಸುವ ಬೀಜಕಣಗಳಿಲ್ಲ. ಲೋಕದ ಉದ್ದಗಲಕ್ಕೆ ಅದು ಹಬ್ಬಿದ್ದು ತುಂಡಿನಿಂದ ತುಂಡಾಗಿಯೇ.

ಸಾಲ್ವೀನಿಯಾದ ಚರಿತ್ರೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದರ ಆರಂಭಗಳೆಲ್ಲ ಇಂಥ ಬಕೆಟ್ಟಿನಷ್ಟೇ ಚಿಕ್ಕವು. ಬ್ರೆಜಿಲ್ ಮೂಲದ ಈ ತೇಲುವ ಜರೀಗಿಡ 1939ರಲ್ಲಿ ಕೊಲಂಬೊದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಪಾಠಕ್ಕೆಂದು ಬಂತು, ಅಲ್ಲಿಂದ ತಪ್ಪಿಸಿಕೊಂಡು ಶ್ರೀಲಂಕಾದ ಗದ್ದೆಗಳಿಗೆ ನುಗ್ಗಿತು. ಕೇರಳದಲ್ಲಿ ಅದನ್ನು ಆಫ್ರಿಕನ್ ಪಾಯಲ್ ಎನ್ನುತ್ತಾರೆ. ಕುಟ್ಟನಾಡಿನ ಕಾಲುವೆಗಳಲ್ಲಿ ದೋಣಿ ಸಾಗದ ಹಾಗೆ ಹೆಪ್ಪುಗಟ್ಟಿತು, ಭತ್ತದ ಗದ್ದೆ ಪಾಳು ಬಿತ್ತು. ಪಪುವಾ ನ್ಯೂಗಿನಿಯ ಸೆಪಿಕ್ ನದಿಗೆ 1970ರ ದಶಕದ ಆರಂಭದಲ್ಲಿ ಬಿದ್ದದ್ದು ಕೆಲವೇ ಗಿಡ; ಹತ್ತು ವರ್ಷ ತುಂಬುವುದರೊಳಗೆ ಸುಮಾರು 250 ಚದರ ಕಿಲೋಮೀಟರ್ ನೀರು ಮುಚ್ಚಿಹೋಯಿತು. ದೋಣಿಯೊಂದೇ ದಾರಿಯಾಗಿದ್ದ ಹಳ್ಳಿಗಳನ್ನು ಜನ ಬಿಟ್ಟು ಹೋದರು.

ಅದನ್ನು ಕೊನೆಗೆ ಹಿಮ್ಮೆಟ್ಟಿಸಿದ್ದು ಎರಡು ಮಿಲಿಮೀಟರ್ ಉದ್ದದ ಒಂದು ಸೊಂಡಿಲ ಕೀಟ. ಆದರೆ ಸೆಪಿಕ್‌ನಲ್ಲಿ ಆ ಕೀಟ ಮೊದಲು ನಿಲ್ಲಲೇ ಇಲ್ಲ. ಗಿಡದಲ್ಲಿ ಸಾರಜನಕ ಕಡಿಮೆಯಿದ್ದು ಅದಕ್ಕೆ ಮೇವು ಸಾಲದಾಗಿತ್ತು. ವಿಜ್ಞಾನಿಗಳು ಬೇಲಿ ಕಟ್ಟಿದ ಜಾಗದಲ್ಲಿ ಯೂರಿಯಾ ಹಾಕಿ ಕಳೆಯನ್ನು ಕೊಬ್ಬಿಸಿದ ಮೇಲಷ್ಟೇ ಕೀಟ ಬಲಿತದ್ದು! ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಇದೇ ಕೀಟವನ್ನು ಬಿಟ್ಟರು. ಹನ್ನೊಂದು ತಿಂಗಳಲ್ಲಿ ಸಾಲ್ವೀನಿಯಾ ತೊಲಗಿ ನೈದಿಲೆ ಮತ್ತೆ ಅರಳಿತು. ಅದೇ ದಶಕದಲ್ಲಿ ಅಂತರಗಂಗೆಯ ಮೇಲೆ ಬೇರೆ ಎರಡು ಸೊಂಡಿಲ ಕೀಟಗಳನ್ನು ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಒಳ್ಳೆಯ ಫಲ ಕಂಡಿದ್ದರು. ಆದರೆ ಕೊಳಚೆ ನಿಲ್ಲದ ಕೆರೆಯಲ್ಲಿ ಕಳೆಯೂ ಸೋಲುವುದಿಲ್ಲ. ಬೆಳ್ಳಂದೂರು ಕೆರೆಯ ಇಂದಿನ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ.

'ಕೀಟ ಇದೆಯಲ್ಲ, ಮತ್ತೇಕೆ ಚಿಂತೆ' ಎನ್ನುವವರಿಗೆ ಕಬೊಂಬಾವೇ ಉತ್ತರ. ಅದು ನೀರಿನೊಳಗೆ ಮುಳುಗಿ ಬೆಳೆಯುವ ಗಿಡ. ಕಿತ್ತರೆ ತುಂಡಾಗಿ ಹರಡುತ್ತದೆ, ಔಷಧಿ ಹೊಡೆದರೆ ಮೀನು ಸಾಯುತ್ತದೆ. ಆಸ್ಟ್ರೇಲಿಯಾದವರು ವರ್ಷಾನುಗಟ್ಟಲೆ ಹುಡುಕಿ ಪರೀಕ್ಷಿಸಿ, ಅದನ್ನು ತಿನ್ನುವ ಕೀಟವೊಂದನ್ನು ಕೆರೆಗೆ ಬಿಟ್ಟದ್ದು 2023ರಲ್ಲಷ್ಟೇ. ನೆರೆಯ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ 2020ರ ನವೆಂಬರ್‌ನಲ್ಲಿ ತೋಡೊಂದು ಉದ್ದಕ್ಕೂ ಗುಲಾಬಿ ಹೂ ಹಾಸಿಕೊಂಡಿತ್ತು. ಕೊರೊನಾ ಕಾಲದಲ್ಲೂ ಜನ ತಂಡೋಪತಂಡವಾಗಿ ಬಂದು ಫೋಟೊ ತೆಗೆಸಿಕೊಂಡರು. ಅದು ಕಬೊಂಬಾದ ಒಂದು ಜಾತಿ, ಅಕ್ವೇರಿಯಂ ಗಿಡ, ಮನೆಗೆ ಒಯ್ಯಬೇಡಿ ಎಂದು ಸಸ್ಯವಿಜ್ಞಾನಿಗಳು ಎಚ್ಚರಿಸಬೇಕಾಯಿತು. ಚೆಂದ ಕಾಣುವ ಕಳೆಗೆ ಜನರೇ ವಾಹನ.

ಈ ಪಾಠಕ್ಕೆ ನಾವು ದೂರ ಹೋಗಬೇಕಿಲ್ಲ, ತಲೆಯೆತ್ತಿ ಬಿಳಿಗಿರಿರಂಗನ ಬೆಟ್ಟ ನೋಡಿದರೆ ಸಾಕು. ಲಂಟಾನವೂ ಹಿಂದೊಮ್ಮೆ ಅಂದದ ಗಿಡವೇ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಸೊಬಗಿಗೆಂದು ಭಾರತಕ್ಕೆ ತಂದರು. ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿರಂಗನ ಕಾಡಿನಲ್ಲಿ 134 ತಾಕುಗಳನ್ನು ಗುರುತಿಸಿ 1997ರಲ್ಲೊಮ್ಮೆ, 2008ರಲ್ಲೊಮ್ಮೆ ಅಳೆದರು. ಮೊದಲ ಸಲ ಶೇ 41ರಷ್ಟು ತಾಕುಗಳಲ್ಲಿದ್ದ ಲಂಟಾನ ಹನ್ನೊಂದು ವರ್ಷದಲ್ಲಿ ಶೇ 81ಕ್ಕೆ ಹಬ್ಬಿತ್ತು. ಕಾಡಿನ ಮರಿಗಿಡಗಳು ಕಡಿಮೆಯಾದವು, ಸೋಲಿಗರು ನೆಲ್ಲಿಕಾಯಿ, ಗೆಣಸು ಹುಡುಕುವ ದಾರಿಗಳು ಮುಚ್ಚಿದವು. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವುದನ್ನು ಕಲಿಸಿದ್ದು ಒಳ್ಳೆಯದೇ. ಆದರೆ ಎಷ್ಟು ಕುರ್ಚಿ ಹೆಣೆದರೂ ಬೆಟ್ಟ ಬಿಡುಗಡೆಯಾಗಲಿಲ್ಲ.

ಹೊಳೆಯಲ್ಲೂ ನಮ್ಮದೇ ಉದಾಹರಣೆ ಇದೆ. ಹನೂರಿನ ಕಾಡಂಚಿನಲ್ಲಿ ಹರಿಯುವ ಕಾವೇರಿ ಡುಬ್ಬದ ಮಹಶೀರ್ ಮೀನಿನ ಕೊನೆಯ ನೆಲೆಗಳಲ್ಲೊಂದು. ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ, ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದ ಕಾವೇರಿಗೂ ಬಿಡಲಾಯಿತು. ಅದು ಸಂರಕ್ಷಣೆಯ ಹೆಸರಿನಲ್ಲಿ ನಡೆದ ಕೆಲಸ, ಅಂದರೆ ಕಾಲುವೆಯ ಹುಡುಗನ ಕನಿಕರದ ದೊಡ್ಡ ರೂಪ. ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕುವವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಮುಂದೆ ಪರಿಶೀಲಿಸಿದಾಗ ಹೊರಗಿನ ಮೀನು ಏರುತ್ತ, ನೆಲದ ಮೀನಿನ ಮರಿಗಳು ಕಾಣದಾಗುತ್ತ ಹೋದದ್ದು ಗೊತ್ತಾಯಿತು. 2018ರಲ್ಲಿ ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನು ಹೋಗುವ ಸ್ಥಿತಿ.

ಇನ್ನು ಕಳೆ ಹರಡುವ ದಾರಿಗಳು. ಸುವರ್ಣಾವತಿ ಯಳಂದೂರಿನ ಮಗ್ಗುಲಲ್ಲಿ ಹರಿದು ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿ ಸೇರುತ್ತದೆ. ಕಬಿನಿ ಬಲದಂಡೆ ನಾಲೆ ಕೆರೆಯಿಂದ ಕೆರೆಗೆ ನೀರು ದಾಟಿಸುತ್ತದೆ. ಮೊದಲಾದರೆ ಎತ್ತರದ ಕೆರೆಗಳಿಗೆ ಒಂದು ರಕ್ಷಣೆಯಿತ್ತು: ಕಳೆ ನೀರಿನೊಂದಿಗೆ ಕೆಳಕ್ಕೆ ಹೋಗುತ್ತಿತ್ತೇ ಹೊರತು ಮೇಲಕ್ಕೆ ಏರುತ್ತಿರಲಿಲ್ಲ. ಈಗ ಕೆರೆ ತುಂಬಿಸುವ ಯೋಜನೆಗಳು ಬಂದಿವೆ. ಗುಂಡಾಲ್, ಹುಬ್ಬೆಹುಣಸೆ, ರಾಮನಗುಡ್ಡದಂಥ ಒಣಸೀಮೆಯ ನೀರಿನ ತಾಣಗಳಿಗೆ ಕಾವೇರಿ ನೀರು ಎತ್ತಿ ತರುವುದು ರೈತನಿಗೆ ಬೇಕೇ ಬೇಕು, ನಾನದನ್ನು ವಿರೋಧಿಸುವವನಲ್ಲ. ಆದರೆ ಪಂಪು ನೀರಿನ ಜೊತೆಗೆ ಗಿಣ್ಣಿನ ತುಂಡನ್ನೂ ಎತ್ತುತ್ತದೆ. ನೀರೆತ್ತುವ ಜಾಗದಲ್ಲಿ ಕಳೆ ಇಲ್ಲವೆಂದು ನೋಡಿಕೊಳ್ಳುವುದು ಯೋಜನೆಯ ಭಾಗವಾಗಬೇಕು. ನೆರೆಯ ಮಾತೂ ಇದೆ. 2018 ಮತ್ತು 2019ರ ಮಳೆಗಾಲದಲ್ಲಿ ದಾಸನಪುರ, ಮುಳ್ಳೂರು, ಹಂಪಾಪುರ, ಹರಳೆಯ ಹೊಲಗಳ ಮೇಲೆ ಕಾವೇರಿ ಹರಿದಾಗ ಹೊಳೆ, ಕೆರೆ, ಗದ್ದೆಗಳ ನಡುವಿನ ಗಡಿಯೇ ಅಳಿಸಿಹೋಗಿತ್ತು. ಅಂಥ ಒಂದು ವಾರದಲ್ಲಿ ಕಳೆ ಹತ್ತು ವರ್ಷದ ಪ್ರಯಾಣ ಮುಗಿಸಬಲ್ಲದು.

ಕೆರೆ ಮುಚ್ಚಿದರೆ ಆಗುವುದೇನು? ಬೆಳಕು ಇಳಿಯುವುದಿಲ್ಲ, ಸತ್ತ ಕಳೆ ಕೊಳೆತು ನೀರಿನ ಆಮ್ಲಜನಕ ಹೀರುತ್ತದೆ, ಮೀನು ಬಾಯಿ ಬಿಟ್ಟು ಮೇಲೆ ಬರುತ್ತದೆ. ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಂಘಕ್ಕೆ ಆ ವರ್ಷದ ಬಲೆ ಬರೀ ಹಸಿರು. ತೂಬು ಕಟ್ಟಿ ಅಚ್ಚುಕಟ್ಟಿನ ಬಾಲದ ಗದ್ದೆಗೆ ನೀರು ತಲುಪುವುದಿಲ್ಲ. ಆನೆಕಾಲು ರೋಗ ಹರಡಬಲ್ಲ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಇಂಥ ಗಿಡಗಳ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ಪಡೆಯುತ್ತವೆ.

ಹಬ್ಬುವ ಲೆಕ್ಕವನ್ನು ನಮ್ಮ ಅಳತೆಯಲ್ಲೇ ಹಾಕೋಣ. ಕೆರೆ 25 ಎಕರೆಯದು, ಕಳೆ ಹತ್ತು ದಿನಕ್ಕೆ ದುಪ್ಪಟ್ಟಾಗುತ್ತದೆ, ಆರಂಭ ಒಂದು ಚದರ ಅಡಿ ಎಂದಿಟ್ಟುಕೊಳ್ಳಿ. ಐದು ತಿಂಗಳಾದರೂ ಅದು ಮೂವತ್ತು ಗುಂಟೆ ಮಾತ್ರ, ಏರಿಯ ಮೇಲೆ ನಿಂತವರಿಗೆ ಮೂಲೆಯಲ್ಲೊಂದು ಹಸಿರು ತೇಪೆ. ಅಲ್ಲಿಂದ ಇಡೀ ಕೆರೆ ಮುಚ್ಚಲು ಇನ್ನು ಬೇಕಾದದ್ದು ಐವತ್ತೇ ದಿನ. ಅರ್ಜಿ ಬರೆದು, ಅಂದಾಜುಪಟ್ಟಿ ತಯಾರಾಗಿ, ಟೆಂಡರ್ ಕರೆಯುವಷ್ಟರಲ್ಲಿ ಐವತ್ತು ದಿನ ಕಳೆದಿರುತ್ತದೆ.

ಬೇಗ ಕಂಡರೆ ಗೆಲ್ಲಬಹುದು ಎಂಬುದಕ್ಕೂ ಸಾಕ್ಷ್ಯವಿದೆ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಕೌಲೆರ್ಪಾ ಎಂಬ ಅಕ್ವೇರಿಯಂ ಪಾಚಿ ಒಂದು ಚದರ ಮೀಟರಿನಷ್ಟು ಕಂಡಿತ್ತು. ಯಾರ ತಪ್ಪು ಎಂಬ ಜಗಳದಲ್ಲಿ ವರ್ಷಗಳು ಹೋದವು, 2000ದ ಹೊತ್ತಿಗೆ ಮೆಡಿಟರೇನಿಯನ್‌ನ ಸಾವಿರಾರು ಹೆಕ್ಟೇರಿಗೆ ಅದು ಹಬ್ಬಿತ್ತು. ಅದೇ 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದೇ ಪಾಚಿ ಸಿಕ್ಕಾಗ ಕೆಲವೇ ದಿನಗಳಲ್ಲಿ ಟಾರ್ಪಾಲು ಹೊದಿಸಿ ಕ್ಲೋರಿನ್ ಹಾಯಿಸಿದರು. 2006ರಲ್ಲಿ ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಿದರು.

ಇಲ್ಲಿ ಅಷ್ಟೆಲ್ಲ ಬೇಕಿಲ್ಲ. ಬೇಡವಾದ ಜಲಸಸ್ಯವನ್ನು ತಾರಸಿಯ ಮೇಲೆ ಹರಡಿ, ಮುಟ್ಟಿದರೆ ಪುಡಿಯಾಗುವವರೆಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ರಾಶಿ ಹಾಕಿದರೆ ಒಳಗಿನದ್ದು ಹಸಿಯಾಗೇ ಉಳಿಯುತ್ತದೆ, ಆದ್ದರಿಂದ ತೆಳ್ಳಗೆ ಹರಡುವುದು ಮುಖ್ಯ. ತೊಟ್ಟಿ ತೊಳೆದ ನೀರನ್ನು ಚರಂಡಿಗಲ್ಲ, ತೆಂಗಿನ ಪಾತಿಗೆ ಹಾಕಿ; ಮರಕ್ಕೆ ಗೊಬ್ಬರವೂ ಆಯಿತು. ಗಡಸು ನೀರಿನಲ್ಲಿ ನಿಲ್ಲುವ ನೆಲದ ಗಿಡಗಳೇ ಇರುವಾಗ ಹೊರಗಿನವಕ್ಕೆ ಆಸೆ ಪಡುವುದೇಕೆ? ವ್ಯಾಲಿಸ್ನೇರಿಯಾ ಇದೆ. ಪಶ್ಚಿಮ ಘಟ್ಟದ ಕ್ರಿಪ್ಟೊಕೊರೈನ್ ಇದೆ, ಅದನ್ನು ಹೊಳೆಯಿಂದ ಕೀಳದೆ ಬೆಳೆಸಿದವರಿಂದ ಕೊಳ್ಳಬೇಕು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಕ್ರಮಣಕಾರಿ ಅನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಕೊರಿಯರ್ ಪೊಟ್ಟಣದವರೆಗೆ ಅದು ಇಳಿಯುವುದನ್ನು ಕಾಯುತ್ತ ಕೂರಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಮ್ಮ ದಾಖಲೆ ಪುಸ್ತಕದಲ್ಲಿ ಕೆರೆಯ ಗಿಡಗಳಿಗೂ ಒಂದು ಪುಟ ತೆರೆಯಬಹುದು.

ಹುಡುಕಬೇಕಾದ ಕಾಲ ಫೆಬ್ರವರಿಯಿಂದ ಮೇ. ನೀರು ತಗ್ಗಿದಾಗ ಕಾಲುವೆ ಕೆರೆಗೆ ಕೂಡುವ ಬಾಯಿ, ತೂಬಿನ ಮಗ್ಗುಲು, ಕೋಡಿಯ ಕೆಳಗಿನ ಗುಂಡಿ, ಬಟ್ಟೆ ಒಗೆಯುವ ಸೋಪಾನ, ಈ ನಾಲ್ಕು ಜಾಗ ನೋಡಿದರೆ ಹೊಸ ಗಿಡ ಇದ್ದರೆ ಸಿಗುತ್ತದೆ. ಹೈಡ್ರಿಲ್ಲಾದ ಪುಟ್ಟ ಎಲೆಗಳು ಕಾಂಡದ ಸುತ್ತ ವರ್ತುಲವಾಗಿದ್ದು ಅಂಚು ಗರಗಸದಂತೆ ಒರಟಾಗಿರುತ್ತದೆ. ಅದು ನಮ್ಮದೇ, ಬಿಡಿ. ಕವಲೊಡೆದ ಬಿರುಸಾದ ಎಲೆಗಳ ಸುತ್ತು, ತೊಟ್ಟಿಲ್ಲ, ಬೇರೂ ಇಲ್ಲ ಎಂದರೆ ಸೆರಟೊಫಿಲ್ಲಮ್, ಅದೂ ಇಲ್ಲಿಯದೇ. ಸೀಳುಸೀಳಾದ ಬೀಸಣಿಗೆಯಾಕಾರದ ಎಲೆಗಳು ಉದ್ದ ತೊಟ್ಟಿನ ತುದಿಯಲ್ಲಿ, ಒಂದೊಂದು ಗಿಣ್ಣಿನಲ್ಲೂ ಎದುರುಬದುರು ಜೋಡಿಯಾಗಿ ಅಥವಾ ಮೂರು ಮೂರಾಗಿ ಇದ್ದರೆ ಅದು ಕಬೊಂಬಾ. ತೇಲುವ ಜೋಡಿ ಎಲೆಗಳ ಮೇಲೆ ಮೊಟ್ಟೆ ಕಡೆಯುವ ಕಡ್ಡಿಯಂಥ ಸೂಕ್ಷ್ಮ ರೋಮಗಳಿದ್ದು, ಹನಿ ಬಿದ್ದರೆ ನಿಲ್ಲದೆ ಉರುಳಿದರೆ ಅದು ಸಾಲ್ವೀನಿಯಾ. ಇವೆರಡರಲ್ಲಿ ಯಾವುದು ಕಂಡರೂ ಕೈಯಿಂದ ಎಳೆದು ಹರಿಯಬಾರದು. ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿ, ತುಂಡು ತೇಲಿಹೋಗದಂತೆ ಮಾಡಿ, ಬುಡದ ಹೂಳಿನ ಸಮೇತ ಎತ್ತಬೇಕು. ಮುಂಗಾರಿನಲ್ಲಿ ಕೋಡಿ ಬೀಳುವ ಮೊದಲೇ ಆ ಕೆಲಸ ಮುಗಿದಿರಬೇಕು.